ಖದಾನಿಗೆ ಹುಳು ಬಿಟ್ಟದ್ದು

ಶಶಿಕಾಂತ ಕಾಣೆಯಾದ ಮರುವರ್ಷ, ಮಳೆ ನಿಂತ ಮೇಲೆ, ಅವರಿದ್ದ ಸಾಲುಮನೆಗಳ ಚಾಳಿನ ಹಿಂದಿನ ಖದಾನಿಗೆ ಹುಳು ಬಿಡುವವರು ಬಂದರು.

ಖದಾನು ಅಂದರೆ ಹಿಂದೆ ಯಾವಾಗಲೋ ಕಲ್ಲು ಒಡೆದು ಲಾರಿಗಟ್ಟಲೆ ಸಾಗಿಸಿ, ಕಲ್ಲು ಮುಗಿದ ಮೇಲೆ ಹಾಗೇ ಬಿಟ್ಟುಹೋದ ಹೊಂಡ. ಕಲ್ಯಾಣ್-ಶಿಳ್ ರಸ್ತೆಯಲ್ಲಿ ಕಾಟಯಿ ನಾಕಾ ದಾಟಿ ಒಳಕ್ಕೆ ಹೊರಳಿದರೆ ಸಿಗುವ ಆ ಹೊಂಡದಲ್ಲಿ ವರ್ಷವಿಡೀ ನೀರಿರುತ್ತಿತ್ತು. ಆದರೆ ಆ ನೀರನ್ನು ಕಣ್ಣಾರೆ ಕಂಡವರು ಕಡಿಮೆ. ಚಾಳಿನ ಗಟಾರವೆಲ್ಲ ಅಲ್ಲಿಗೇ ಹರಿದು, ಅದನ್ನೇ ಉಂಡು ಬೆಳೆದ ಅಂತರಗಂಗೆ ದಡದಿಂದ ದಡಕ್ಕೆ ಮೊಣಕಾಲೆತ್ತರ ಹಬ್ಬಿತ್ತು. ಮರಾಠಿಯವರು ಅದನ್ನು ಜಲಪರ್ಣಿ ಎನ್ನುತ್ತಿದ್ದರು. ತಿಳಿ ನೇರಳೆ ಹೂ ಬಿಟ್ಟಾಗ ಹೊಸಬರು ಇದೇನು ಬೆಳೆ ಎಂದು ಕೇಳುತ್ತಿದ್ದರು. ಚಾಳಿನವರಿಗೆ ಮಾತ್ರ ಸಂಜೆಯಾದರೆ ಸೊಳ್ಳೆ, ಬೇಸಿಗೆಯಲ್ಲಿ ನಾತ, ಪ್ರತಿ ಮಳೆಗಾಲಕ್ಕೂ ಮನೆಗೊಬ್ಬರಿಗೆ ಡೆಂಗಿ.

ಹುಳು ತಂದವಳ ಹೆಸರು ರಮಿತಾ. ಠಾಣೆ ಪಟ್ಟಣದಲ್ಲೇ ಹುಟ್ಟಿ ಬೆಳೆದ ಮಂಗಳೂರು ಕಡೆಯ ಹುಡುಗಿ, ಕೀಟಗಳ ಬಗ್ಗೆ ಓದಿದವಳು, ಒಂದು ಸಂಸ್ಥೆಯ ಕೆಲಸದಲ್ಲಿದ್ದಳು. ಮನೆಯ ಹತ್ತಿರವೇ ತೊಟ್ಟಿ ಇಟ್ಟು ಹುಳು ಸಾಕುವುದಕ್ಕೆ ಒಬ್ಬ ಹೆಂಗಸು ಬೇಕು ಎಂದು ಚಾಳಿನಲ್ಲಿ ವಿಚಾರಿಸುತ್ತ ಬಂದವಳಿಗೆ ಸೌಭಾಗ್ಯಳ ಬಾಗಿಲಲ್ಲಿ ಕನ್ನಡ ಕೇಳಿಸಿತು. ಒಳಗೆ ಅತ್ತೆ ಕಾಶವ್ವ ಸೊಸೆಯನ್ನು ಯಾವುದಕ್ಕೋ ಬೈಯುತ್ತಿದ್ದಳು.

"ನೀವು ಕನ್ನಡದವರಾ ಅಕ್ಕ? ಅಯ್ಯೋ, ಒಳ್ಳೆದಾಯ್ತು ಮಾರಾಯ್ರೆ," ಎಂದು ರಮಿತಾ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟಳು.

ಸೌಭಾಗ್ಯಳಿಗೆ ಕೆಲಸ ಬೇಕೇಬೇಕಿತ್ತು. ಗಂಡ ಇಲ್ಲದ ಆ ಒಂದು ವರ್ಷ ಅವಳು ಪಲಾವಾ ಎಂಬ ಹೊಸ ಬಡಾವಣೆಯ ದೊಡ್ಡ ಬಿಲ್ಡಿಂಗುಗಳಲ್ಲಿ ಎರಡು ಮನೆಯ ಅಡಿಗೆ ಹಿಡಿದು ಮನೆ ನಡೆಸಿದ್ದಳು. ಒಂದು ಮನೆಯವರಿಗೆ ಅವಳ ಗಂಡನ ಸುದ್ದಿ ಹೇಗೋ ತಿಳಿದು, ಆ ಮನೆಯ ಹೆಂಗಸು ಸೌಭಾಗ್ಯ ಬಂದಾಗಲೆಲ್ಲ ತನ್ನ ಗಂಡನನ್ನು ಬೆಡ್‌ರೂಮಿಗೆ ಕಳಿಸತೊಡಗಿದ ಮೇಲೆ ಅದನ್ನು ಬಿಟ್ಟಿದ್ದಳು.

ಆ ಸುದ್ದಿ ಇಷ್ಟು. ಶಶಿಕಾಂತ ಮಹಾಪೆಯ ಒಂದು ಔಷಧಿ ಗೋಡೌನಿನಲ್ಲಿ ಸೂಪರ್‌ವೈಸರ್. ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದ. ಜುಲೈ ತಿಂಗಳ ಒಂದು ಸಂಜೆ, ಆಕಾಶ ಹರಿದುಬಿದ್ದಂಥ ಮಳೆಯಲ್ಲಿ, ಗೋಡೌನಿನಿಂದ ಹೊರಟವನು ಮನೆ ಮುಟ್ಟಲಿಲ್ಲ. ಶಿಳ್ ಫಾಟಾ ಎಂಬ ಕೂಡುರಸ್ತೆಯಲ್ಲಿ ಎಂದಿನಂತೆ ಗಾಡಿಗಳು ನಿಂತುಬಿಟ್ಟಿದ್ದವು, ಜಾಮ್‌ನಲ್ಲಿ ಸಿಕ್ಕಿಕೊಂಡಿದ್ದಾನೆ ಎಂದುಕೊಂಡು ಸೌಭಾಗ್ಯ ಕಾದಳು. ಫೋನು ಹತ್ತಲಿಲ್ಲ. ಮರುದಿನ ಪಕ್ಕದ ಖೋಲಿಯ ರಿಕ್ಷಾದವನು ಜೈಭೀಮ ಅವಳನ್ನು ಕರೆದುಕೊಂಡು ಆಸ್ಪತ್ರೆಗಳನ್ನೆಲ್ಲ ಸುತ್ತಿದ. ಪೊಲೀಸರು ಮಿಸ್ಸಿಂಗ್ ಕಂಪ್ಲೇಂಟ್ ಬರೆದುಕೊಂಡರು. ಫೋನಿನ ಸಿಗ್ನಲ್ ಕೊನೆಯ ಸಲ ಸಿಕ್ಕಿದ್ದು ಕಾಟಯಿಯ ಟವರಿಗೆ. ಆ ಟವರಿನ ಕೆಳಗೆ ಪುಣೆಗೂ ಪನವೇಲಿಗೂ ಹೋಗುವ ಬಸ್ಸುಗಳೆಲ್ಲ ಹಾದುಹೋಗುತ್ತವೆ, ಅದರಿಂದ ಏನೂ ಗೊತ್ತಾಗುವುದಿಲ್ಲ ಎಂದರು.

ಜೈಭೀಮನಿಗೆ ಖದಾನಿನ ಮೇಲೆ ಅನುಮಾನ ಬಂದಿತ್ತು. ದೊಡ್ಡ ರಸ್ತೆಯಲ್ಲಿ ಗಾಡಿಗಳು ಕಟ್ಟಿಕೊಂಡಾಗ ಬೈಕಿನವರು ಖದಾನಿನ ಅಂಚಿನ ಕಚ್ಚಾ ರಸ್ತೆ ಹಿಡಿಯುತ್ತಿದ್ದರು. ಹಟಮಾಡಿ ಹವಾಲ್ದಾರನನ್ನು ಅಲ್ಲಿಗೂ ಕರೆತಂದ. ಮಳೆ ಬಿಟ್ಟಿತ್ತು. ಹಸಿರು ಹಾಸು ಈ ದಡದಿಂದ ಆ ದಡಕ್ಕೆ ಒಂದು ಹರಕಿಲ್ಲದೆ ಹಾಸಿಕೊಂಡಿತ್ತು. ಗಾಡಿ ಬಿದ್ದಿದ್ದರೆ ತೂತು ಕಾಣಿಸುತ್ತಿತ್ತಲ್ಲ, ಎಂದ ಹವಾಲ್ದಾರ. ಅದು ಸರಿ ಎಂದೇ ಎಲ್ಲರಿಗೂ ಅನಿಸಿತು.

ಆಮೇಲೆ ಪೊಲೀಸರು ಗೋಡೌನಿಗೆ ಹೋಗಿ ವಿಚಾರಿಸಿದರು. ಪ್ಯಾಕಿಂಗಿನಲ್ಲಿದ್ದ ಅಕ್ಷಯಾ ಎಂಬ ಹುಡುಗಿಯೂ ಅವನು ಕಾಣೆಯಾದ ಮರುದಿನದಿಂದ ಕೆಲಸಕ್ಕೆ ಬಂದಿರಲಿಲ್ಲ. ಅವಳು ಸಾತಾರಾ ಕಡೆಯ ಹಳ್ಳಿಗೆ, ತೀರಿಕೊಂಡ ಅಜ್ಜಿಯ ಮಣ್ಣಿಗೆ ಹೋಗಿದ್ದಳು. ವಾಪಸು ಬಂದವಳನ್ನು ಪೊಲೀಸ್ ಠಾಣೆಗೆ ಕರೆಸಿದರು. ಅವಳ ಫೋನಿನಲ್ಲಿ, ಶಶಿಕಾಂತ ಕಾಣೆಯಾದ ಸಂಜೆ ಕಳಿಸಿದ ಒಂದು ಮೆಸೇಜು ಸಿಕ್ಕಿತು. 'ಸರ್, ಮನೆ ಮುಟ್ಟಿದಿರಾ?' ಅಷ್ಟೇ ಇದ್ದದ್ದು. ಅಷ್ಟು ಸಾಕಾಯಿತು. ಮದುವೆಯಾಗದ ಹುಡುಗಿ, ಮದುವೆಯಾದ ಗಂಡಸಿಗೆ, ಮನೆ ಮುಟ್ಟಿದಿರಾ ಎಂದು ಯಾಕೆ ಕೇಳಬೇಕು? ಹವಾಲ್ದಾರ ನಕ್ಕ. ಗೋಡೌನಿನವರು ನಕ್ಕರು. ಚಾಳಿನಲ್ಲಿ ಆ ಮಾತು ಬಾಗಿಲಿಂದ ಬಾಗಿಲಿಗೆ ಬೆಳೆಯುತ್ತ ಹೋಗಿ, ಶಶಿಕಾಂತ ಗೋವಾದಲ್ಲಿ ಖೋಲಿ ಮಾಡಿದ್ದಾನೆ, ಅವಳು ತಿಂಗಳಿಗೊಮ್ಮೆ ಹೋಗಿ ಬರುತ್ತಾಳೆ ಎನ್ನುವವರೆಗೆ ಬಂತು.

ಅದನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ಕಾಶವ್ವ.

"ಗಂಡಸು, ಬುದ್ಧಿ ಕೆಟ್ಟು ಹೋಗ್ಯಾನ. ಹೊಟ್ಟಿ ತುಂಬಿದ ಮ್ಯಾಲ ತಿರಗಿ ಬರ್ತಾನ," ಎನ್ನುತ್ತಿದ್ದಳು. "ಆ ರಂಡೀ ಕೈಯಾಗಿನ ಅನ್ನ ಅಂವಗ ಎಷ್ಟ್ ದಿನಾ ಸೇರ್ತೈತಿ?" ಬೈಯುವಾಗ ಅವಳ ದನಿಯಲ್ಲಿ ಒಂದು ಗೆಲುವು ಇರುತ್ತಿತ್ತು. ಮಗ ಓಡಿಹೋಗಿದ್ದರೆ ಮಗ ಇದ್ದಾನೆ ಎಂದೇ ಅರ್ಥ. ಎಲ್ಲಿಯೋ ಉಣ್ಣುತ್ತಿದ್ದಾನೆ, ಮಲಗುತ್ತಿದ್ದಾನೆ. ಸೊಸೆಗೆ ಅದೇ ಮಾತು ಮೈಮೇಲೆ ಕಾದ ಎಣ್ಣೆ ಸುರಿದ ಹಾಗೆ. ಅವಳೂ ನಂಬಿದ್ದಳು, ಆದರೆ ಬೇರೆ ರೀತಿ. ಮಗಳು ಶಿವಾನಿಯ ಎದುರಿಗೇ ಅವನನ್ನು ಏನೇನೋ ಅನ್ನುತ್ತಿದ್ದಳು. ಒಮ್ಮೆ ಗೋಡೆಯ ಮೇಲಿನ ಮದುವೆ ಫೋಟೋ ಇಳಿಸಿ ಮಂಚದ ಕೆಳಗೆ ತಳ್ಳಿದಳು. ಕಾಶವ್ವ ಅದನ್ನು ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ತೂಗುಹಾಕಿದಳು.

ಇಂಥ ಮನೆಗೆ ರಮಿತಾ ಹುಳು ತಂದಳು.

ಅವು ಮೂತಿಹುಳುಗಳು. ಜೋಳದ ಕಾಳಿನಷ್ಟು ಗಾತ್ರ, ಕಂದು ಬಣ್ಣ, ಮುಂದೆ ಬಾಗಿದ ಸಣ್ಣ ಸೊಂಡಿಲಿನಂಥ ಮೂತಿ. ಮುಟ್ಟಿದರೆ ಕಾಲು ಮಡಚಿ ಸತ್ತಂತೆ ಬಿದ್ದುಬಿಡುತ್ತಿದ್ದವು. ಸೌಭಾಗ್ಯ ಮೊದಲ ದಿನ ಸತ್ತವೆಂದೇ ತಿಳಿದು ಗಾಬರಿಯಾದಳು.

"ನಾಟಕ ಮಾಡ್ತವೆ ಅಕ್ಕ," ರಮಿತಾ ನಕ್ಕಳು. "ಸ್ವಲ್ಪ ಹೊತ್ತು ಬಿಡಿ, ನಡಿಲಿಕ್ಕೆ ಸುರು ಮಾಡ್ತವೆ. ಇವುಗಳಿಗೆ ಇದೊಂದೇ ಊಟ. ಜಲಪರ್ಣಿ ಬಿಟ್ರೆ ಬೇರೆ ಎಂತದ್ದೂ ತಿನ್ನೂದಿಲ್ಲ. ನಿಮ್ಮ ತುಳಸಿಗೆಲ್ಲ ಏನೂ ಆಗೂದಿಲ್ಲ."

"ಮತ್ತ ಇಷ್ಟ್ ದೊಡ್ಡ ಖದಾನ ಇವು ತಿಂದ್ ಮುಗಸ್ತಾವೇನ್ರಿ?"

"ಒಂದೇ ಸಲ ಅಲ್ಲ. ದೊಡ್ಡ ಹುಳ ಎಲೆ ಕೆರೆದು ತಿಂತದೆ. ಮರಿ ಉಂಟಲ್ಲ, ಅದು ದಂಟಿನ ಒಳಗೆ ಕೊರೆದು ಹೋಗ್ತದೆ. ಗಿಡ ಸೋಲ್ತದೆ, ಹೂ ಬಿಡೂದಿಲ್ಲ, ಸಣ್ಣ ಆಗ್ತಾ ಬರ್ತದೆ. ಎರಡು ವರ್ಷ ಬೇಕು. ಬೆಂಗಳೂರಿನ ಕೆರೆಗಳಲ್ಲಿ ಹಿಂದೆಯೇ ಮಾಡಿ ನೋಡಿದ್ದಾರೆ."

ಖೋಲಿಯ ಹಿಂದಿನ ಚಾಚು ತಗಡಿನ ಕೆಳಗೆ ನೀಲಿ ಡ್ರಮ್ಮುಗಳನ್ನು ಅರ್ಧಕ್ಕೆ ಕೊಯ್ದು ತೊಟ್ಟಿ ಮಾಡಿದರು. ಅದರಲ್ಲಿ ಅಂತರಗಂಗೆ, ಅದರ ಮೇಲೆ ಹುಳು, ಹುಳುವಿನ ಮೇಲೆ ಸೊಳ್ಳೆಪರದೆ. ಹಗಲೆಲ್ಲ ಎಲೆಯ ಬುಡದಲ್ಲಿ ಅಡಗಿರುವ ಹುಳುಗಳು ಕತ್ತಲಾದ ಮೇಲೆ ಹೊರಬಂದು ಮೇಯುತ್ತಿದ್ದವು. ಬೆಳಿಗ್ಗೆ ಎಲೆಯ ಮೇಲೆ ಉಗುರಿನಿಂದ ಕೆರೆದಂಥ ಚೌಕ ಚೌಕ ಗುರುತುಗಳು. ಹುಳು ಹೆಚ್ಚಾದ ಹಾಗೆ ಗಿಡದ ಸಮೇತ ಒಯ್ದು ಖದಾನಿಗೆ ಬಿಡುವುದು. ಟ್ರ್ಯಾಕ್ಟರ್ ಟ್ಯೂಬಿನ ಮೇಲೆ ಹಲಗೆ ಕಟ್ಟಿದ ತೆಪ್ಪದಲ್ಲಿ ಕೂತು, ಜೈಭೀಮ ದಡದಿಂದ ಹಗ್ಗ ಹಿಡಿದಿರುವಾಗ, ಸೌಭಾಗ್ಯ ಹಸಿರಿನ ನಡುವೆ ಒಂದೊಂದೇ ಗಿಡ ಇಟ್ಟುಬರುತ್ತಿದ್ದಳು.

ಅವಳಿಗೆ ಆ ಕೆಲಸ ಹಿಡಿಸಿತು. ಹುಳುಗಳು ಮಾತಾಡುತ್ತಿರಲಿಲ್ಲ, ಯಾರ ಮಾತನ್ನೂ ತಂದು ಹಾಕುತ್ತಿರಲಿಲ್ಲ. ರಮಿತಾ ಬಂದಾಗ ಇಬ್ಬರೂ ತೊಟ್ಟಿಯ ಮೇಲೆ ಬಾಗಿ ದಂಟು ಸೀಳಿ ಮರಿಹುಳು ಹುಡುಕುತ್ತ, ಊರು, ಅಡಿಗೆ, ಲೋಕಲ್ ಗಾಡಿಯ ಗದ್ದಲ ಮಾತಾಡುತ್ತಿದ್ದರು. ಗಂಡನ ಬಗ್ಗೆ ರಮಿತಾ ಯಾವತ್ತೂ ಕೇಳಲಿಲ್ಲ. ಗೊತ್ತಿಲ್ಲದೆ ಇರಲಿಲ್ಲ.

"ಮಮ್ಮಿ, ಯೇ ಕಿಡೇ ಘರ್ ಮೇ ಮತ್ ಲಾಯಾ ಕರ್," ಎಂದು ಶಿವಾನಿ, ಹುಳು ಮನೆಯೊಳಗೆ ತಂದಾಗಲೆಲ್ಲ ಮೂಗು ಮುರಿಯುತ್ತಿದ್ದಳು. ಹತ್ತನೆಯ ಇಯತ್ತೆ, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಅವಳು ಯಾವಾಗಲೂ ಫೋನಿನೊಳಗೆ ಮುಖ ಇಟ್ಟುಕೊಂಡಿರುತ್ತಿದ್ದಳು.

ಮೊದಲ ವರ್ಷ ಏನೂ ಆಗಲಿಲ್ಲ. ವಾರ್ಡಿನ ಪುಢಾರಿ ಬಂದು, ಹುಳು ಬಿಟ್ಟು ಕೆರೆ ಕ್ಲೀನ್ ಮಾಡುವುದು ಯಾವ ಊರಿನ ಹುಚ್ಚು, ಮಣ್ಣೆತ್ತುವ ಒಂದು ಪೋಕಲೇನ್ ಇಳಿಸಿದರೆ ಒಂದು ವಾರದ ಕೆಲಸ ಎಂದು ಕೂಗಾಡಿ ಹೋದ. ಪೋಕಲೇನ್ ಬರಲಿಲ್ಲ. ಹುಳು ಬಿಟ್ಟ ಮೇಲಿನ ಮೊದಲ ಮಳೆಗಾಲ ಕಳೆದು ಚಳಿ ಬಿದ್ದಾಗ ಖದಾನಿನ ಬಣ್ಣ ಬದಲಾಗತೊಡಗಿತು. ಎಲೆಗಳು ಅಂಚಿನಿಂದ ಕಂದಿ ಮುರುಟಿದವು, ದಂಟುಗಳು ಕೊಳೆತು ಮಲಗಿದವು. ಆ ವರ್ಷ ಹೂ ಬಿಟ್ಟದ್ದು ಅಲ್ಲೊಂದು ಇಲ್ಲೊಂದು. ನಾತ ಹೆಚ್ಚಿತೆಂದು ಚಾಳಿನವರು ಸೌಭಾಗ್ಯಳನ್ನು ಶಪಿಸಿದರು. ಒಂದು ಬೆಳಿಗ್ಗೆ ಹಾಸು ಹರಿದು, ನಡುವೆ ಒಂದು ಖೋಲಿಯಷ್ಟು ಅಗಲದ ನೀರು ಕಾಣಿಸಿತು. ಮಕ್ಕಳು ಓಡಿಬಂದು ಅದರೊಳಗೆ ಕಲ್ಲು ಎಸೆದರು. ರಮಿತಾ ಠಾಣೆಯಿಂದ ಪೇಢೆ ತಂದು ಹಂಚಿದಳು. ಸೌಭಾಗ್ಯಳ ಕೈ ಹಿಡಿದು, "ನೀವು ಮಾಡಿದ್ದು ಅಕ್ಕ, ಇದು ನೀವೇ ಮಾಡಿದ್ದು," ಎಂದಳು. ಸೌಭಾಗ್ಯ ಆ ರಾತ್ರಿ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಮೇ ತಿಂಗಳಿಗೆ ಖದಾನಿನ ನೀರು ಬಹಳ ಇಳಿಯಿತು. ಕಲ್ಲು ಕೊಯ್ದ ಮೆಟ್ಟಿಲುಗಳು ಒಂದೊಂದಾಗಿ ಮೇಲೆ ಬಂದವು. ಉಳಿದ ಗಿಡಗಳನ್ನು ಗಾಳಿ ಒಂದು ಮೂಲೆಗೆ ದಬ್ಬಿಟ್ಟಿತ್ತು. ರಮಿತಾ ಮತ್ತು ಸೌಭಾಗ್ಯ ತೆಪ್ಪದಲ್ಲಿ ಆ ಮೂಲೆಯ ಹುಳು ನೋಡಿಕೊಂಡು ಬರಲು ಹೊರಟಿದ್ದರು. ಕಚ್ಚಾ ರಸ್ತೆಯ ಕೆಳಗೆ, ಬಂಡೆಯ ಅಂಚಿಗೆ ಬಂದಾಗ ಸೌಭಾಗ್ಯಳ ಕೈಯ ಬಿದಿರುಕೋಲು ಯಾವುದಕ್ಕೋ ಬಡಿದು ಟಣ್ ಎಂದಿತು.

ಬಾಗಿ ನೋಡಿದಳು. ನೀರು ಕಲಕಿ ತಿಳಿಯಾಗುವವರೆಗೆ ಕಾದಳು. ಮೊದಲು ಕಂಡದ್ದು ಹ್ಯಾಂಡಲ್ಲು, ಅದರಲ್ಲಿ ಒಂದು ಕನ್ನಡಿ. ಬೈಕು ಬಂಡೆಯ ಮೆಟ್ಟಿಲ ಮೇಲೆ ಮೂತಿ ಕೆಳಗಾಗಿ ವಾಲಿತ್ತು, ಹಿಂದಿನ ಗಾಲಿ ನೀರಿನ ಮಟ್ಟಕ್ಕೆ ಹತ್ತಿರವಿತ್ತು. ಸೌಭಾಗ್ಯ ತೆಪ್ಪದ ಮೇಲೆ ಬೋರಲು ಮಲಗಿ, ಭುಜದವರೆಗೆ ಕೈ ಇಳಿಸಿ, ನಂಬರ್ ಪ್ಲೇಟಿನ ಮೇಲಿನ ಪಾಚಿಯನ್ನು ಅಂಗೈಯಿಂದ ಉಜ್ಜಿದಳು.

"ಅಕ್ಕ, ಎಂತ ಅದು? ಯಾರದ್ದು ಗಾಡಿ?"

ಸೌಭಾಗ್ಯ ಕೈ ಮೇಲಕ್ಕೆ ತೆಗೆಯಲಿಲ್ಲ.

"ನಮ್ದ್ರಿ ಮೇಡಂ," ಎಂದಳು. "ಇದು ನಮ್ಮ ಗಾಡಿ."

ರಮಿತಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ದಡದ ಕಡೆ ತಿರುಗಿ ಜೈಭೀಮನನ್ನು ಕೂಗಿದ ಕೂಗಿಗೆ ಇಡೀ ಚಾಳು ಹೊರಗೆ ಬಂತು.

ಫೈರ್ ಬ್ರಿಗೇಡಿನವರು ಮಧ್ಯಾಹ್ನದ ಹೊತ್ತಿಗೆ ಬೈಕು ಎತ್ತಿದರು. ಅವನು ಸಿಕ್ಕಿದ್ದು ಸಂಜೆ, ಇನ್ನೂ ಒಂದು ಮೆಟ್ಟಿಲು ಕೆಳಗೆ, ಬೇರಿನ ಕೆಸರಿನಲ್ಲಿ. ರೇನ್‌ಕೋಟು ಇತ್ತು. ಹೆಲ್ಮೆಟ್ಟಿನ ಪಟ್ಟಿ ಹಾಕಿದ ಹಾಗೇ ಇತ್ತು. ಒಳಗೆ ಇದ್ದದ್ದು ಎಲುಬು. ಹೆಂಗಸರು ಹತ್ತಿರ ಬರಬಾರದು ಎಂದು ಪೊಲೀಸರು ತಡೆದರು. ಸೌಭಾಗ್ಯ ಅವರ ಕೈ ಸರಿಸಿ ಹೋಗಿ ನೋಡಿದಳು. ಮೂರು ಮಳೆಗಾಲ ಅವನು ಅವಳ ಹಿತ್ತಿಲ ಬಾಗಿಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿದ್ದ. ತೆಪ್ಪದಲ್ಲಿ ಕೂತು ಅವನ ಮೇಲೆಯೇ ಅವಳು ಎಷ್ಟು ಸಲ ಹಾದುಹೋಗಿದ್ದಳೋ.

ಹವಾಲ್ದಾರ ಬದಲಾಗಿದ್ದ. ಹೊಸಬ ಮುದುಕ ಒಬ್ಬ, ಪಂಚನಾಮೆ ಬರೆಯುತ್ತ, ಈ ಜಲಪರ್ಣಿ ಹೀಗೇ ನೋಡಮ್ಮ, ಏನಾದರೂ ಬಿದ್ದರೆ ಬಾಯಿ ತೆರೆಯುತ್ತದೆ, ಗಾಳಿ ಬೀಸಿದರೆ ಮುಚ್ಚಿಕೊಳ್ಳುತ್ತದೆ, ಎಂದ. ಅದನ್ನು ಮೊದಲೇ ಯಾರೂ ಹೇಳಿರಲಿಲ್ಲ.

ಕಾಶವ್ವ ಖೋಲಿಯ ಬಾಗಿಲು ದಾಟಿ ಬರಲಿಲ್ಲ. ಸೌಭಾಗ್ಯ ಒಳಗೆ ಹೋದಾಗ ಅವಳು ಅಕ್ಕಿ ಆರಿಸುತ್ತ ಕೂತಿದ್ದಳು.

"ಅತ್ತೀ..."

"ಗಾಡಿ ಅವಂದ ಇರಬೇಕು. ಇಲ್ಲಂತ ಯಾರ್ ಅಂದ್ರು?" ಕಾಶವ್ವ ತಲೆ ಎತ್ತಲಿಲ್ಲ. "ಯಾವನೋ ಕದ್ದ ತಂದಾನ, ಬಿದ್ದ ಸತ್ತಾನ. ಕಳ್ಳಗ ಹಂಗ ಆಗಬೇಕು."

"ರೇನ್‌ಕೋಟ ಅವರದ ಐತ್ರಿ. ನಾನ ಹೊಲಿಗಿ ಹಾಕಿದ್ದೆ ತೋಳಿಗೆ."

"ಹೊಲಿಗಿ ಎಲ್ಲಾರೂ ಹಾಕ್ತಾರ."

"ಅತ್ತೀ, ಒಮ್ಮೆ ಬಂದ್ ನೋಡ್ರಿ."

"ನಾ ಯಾಕ ನೋಡ್ಲಿ?" ಮುದುಕಿ ಮೊರವನ್ನು ನೆಲಕ್ಕೆ ಕುಕ್ಕಿದಳು, ಅಕ್ಕಿ ಚೆಲ್ಲಿತು. "ನನ್ನ ಮಗಾ ಅದಾನ! ಹುಳಾ ಬಿಟ್ಟು ನೀವೇ ತಿನಿಸಿದ್ರಿ. ಚಂದಾಗಿ ಹಸರಾಗಿ ಇತ್ತು ನೀರು. ನೀನು, ಆ ಮಂಗಳೂರಾಕಿ, ಇಬ್ಬರೂ ಕೂಡಿ ಹುಳಾ ಹಾಕಿ ನನ್ನ ಮಗನ್ನ ತಿಂದ್ರಿ!"

ಎರಡು ದಿನ ಪೊಲೀಸ್ ಠಾಣೆ, ಆಸ್ಪತ್ರೆ ಎಂದು ತಿರುಗಿ ಸೌಭಾಗ್ಯ ಮನೆಗೆ ಬಂದಾಗ ಹಿತ್ತಿಲೆಲ್ಲ ಫಿನಾಯಿಲ್ ವಾಸನೆ. ತೊಟ್ಟಿಗಳ ಪರದೆ ಕಿತ್ತು ಬಿಸಾಡಿತ್ತು. ನೀರು ಹಾಲಿನಂತೆ ಬೆಳ್ಳಗಾಗಿ, ಮೇಲೆಲ್ಲ ಹುಳುಗಳು ತೇಲುತ್ತಿದ್ದವು. ಸೌಭಾಗ್ಯ ಒಂದನ್ನು ಬೆರಳ ಮೇಲೆ ಎತ್ತಿಕೊಂಡು ಕಾದಳು. ಕಾಲು ಬಿಚ್ಚಲಿಲ್ಲ. ಕಾಶವ್ವ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳ ಕೈಗಳಿಗೂ ಅದೇ ನಾತ. ಸೌಭಾಗ್ಯ ಬಿಸಿನೀರು ತಂದು ಮುದುಕಿಯ ಕೈ ತೊಳೆದಳು.

ಡಿಎನ್‌ಎ ಪರೀಕ್ಷೆಗೆ ತಾಯಿಯ ರಕ್ತ ಕೇಳಿದರು. ಕಾಶವ್ವ ಕೊಡಲಿಲ್ಲ. ಶಿವಾನಿ ತೋಳು ಮುಂದೆ ಮಾಡಿದಳು. ಸೂಜಿ ಚುಚ್ಚುವಾಗ ಅವಳು ಅತ್ತ ತಿರುಗಿಸಿದ ಮುಖವನ್ನು ಮನೆಗೆ ಬರುವವರೆಗೂ ಇತ್ತ ತಿರುಗಿಸಲಿಲ್ಲ.

ರಮಿತಾ ಬಂದಳು. ಹಿತ್ತಿಲ ಮೆಟ್ಟಿಲ ಮೇಲೆ ಕೂತು, "ನಾನು ಈ ಕೆಲಸ ನಿಮಗೆ ಕೊಡ್ಲೇಬಾರದಿತ್ತು ಅಕ್ಕ," ಎಂದಳು.

"ಕೊಡದಿದ್ರ ಏನಾಗ್ತಿತ್ರಿ? ನಾ ಸಾಯೂತನಕಾ ಅವರಿಗೆ ಬೈಕೋತ ಇರ್ತಿದ್ದೆ."

ಹಾಗೆ ಹೇಳಿದ ಮೇಲೆ ಅವಳಿಗೆ ಇನ್ನೊಬ್ಬಳ ನೆನಪಾಯಿತು. ಬೈಸಿಕೊಂಡದ್ದು ಅವನೊಬ್ಬನೇ ಆಗಿರಲಿಲ್ಲ.

ಗೋಡೌನಿನ ಹಳೆಯ ಪ್ಯಾಕಿಂಗ್ ಹೆಂಗಸೊಬ್ಬಳಿಂದ ವಿಳಾಸ ತಿಳಿದುಕೊಂಡು, ಸೌಭಾಗ್ಯ ಡೊಂಬಿವಲಿಯಲ್ಲಿ ಗಾಡಿ ಹತ್ತಿ, ಠಾಣೆಯಲ್ಲಿ ಇಳಿದು, ವಾಶಿ ಗಾಡಿ ಹಿಡಿದು ಘಣಸೋಲಿಗೆ ಹೋದಳು. ಹೊಸ ಸೆಕ್ಟರುಗಳನ್ನು ದಾಟಿ ಹಳೆಯ ಊರಿನ ಸಂದಿಗಳಲ್ಲಿ ಕೇಳುತ್ತ ಹೋದರೆ, ಒಂದು ಪೋಳಿ-ಭಾಜಿ ಕೇಂದ್ರದ ಒಳಗೆ ಚಪಾತಿ ಲಟ್ಟಿಸುತ್ತ ನಿಂತಿದ್ದಳು ಅಕ್ಷಯಾ. ಸೌಭಾಗ್ಯ ಇಷ್ಟು ವರ್ಷ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಹೆಂಗಸು ಬೇರೆ. ಇವಳು ಬಡಕಲು, ಕಣ್ಣ ಕೆಳಗೆ ಕಪ್ಪು, ಎಡಗಿವಿಯ ಮೇಲೆ ಹಳೆಯ ಗಾಯದ ಗುರುತು.

ಯಾರೆಂದು ಹೇಳಿಕೊಳ್ಳಬೇಕಾಗಲಿಲ್ಲ. ಅಕ್ಷಯಾ ಒಮ್ಮೆ ನೋಡಿ ಮತ್ತೆ ಲಟ್ಟಣಿಗೆ ಉರುಳಿಸಿದಳು. ಮರಾಠಿಯಲ್ಲೇ ಮಾತಾಡಿದರು.

"ಪೇಪರಿನಲ್ಲಿ ಓದಿದೆ," ಎಂದಳು ಅಕ್ಷಯಾ.

"ನಾನು... ನಿನ್ನ ಹತ್ತಿರ ಕ್ಷಮೆ ಕೇಳಲಿಕ್ಕೆ ಬಂದೆ."

"ಅವತ್ತು ಮಳೆ ಬಹಳ ಇತ್ತು. ನಾವು ಪ್ಯಾಕಿಂಗಿನವರೆಲ್ಲ ಕಂಪನಿ ಬಸ್ಸಿನಲ್ಲಿದ್ದೆವು. ಸರ್ ನಮ್ಮ ಮುಂದೆಯೇ ಬೈಕಿನ ಮೇಲೆ ನೆನೆಯುತ್ತ ಹೋದರು. ಪಾಪ ಅನಿಸಿತು, ಕೇಳಿದೆ." ಚಪಾತಿಯನ್ನು ತವೆಗೆ ಹಾಕಿದಳು. "ಪೊಲೀಸರು ಅದನ್ನು ನನ್ನ ಅಣ್ಣನ ಎದುರು ಓದಿದರು. ಓದುವಾಗ ದನಿ ಹೇಗೆ ಮಾಡಿದರು ಗೊತ್ತಾ? ಆ ದನಿಯಲ್ಲಿ ಓದಿದರೆ ಯಾರ ಮಾತಾದರೂ ಹಾಗೇ ಕೇಳಿಸುತ್ತದೆ."

ಸೌಭಾಗ್ಯ ನಿಂತೇ ಇದ್ದಳು. ಅಕ್ಷಯಾಳ ನಿಶ್ಚಯವಾಗಿದ್ದ ಮದುವೆ ಮುರಿದದ್ದು, ಕೆಲಸ ಹೋದದ್ದು ಅವಳಿಗೆ ದಾರಿಯಲ್ಲಿ ವಿಚಾರಿಸುವಾಗಲೇ ತಿಳಿದಿತ್ತು.

"ನಿನ್ನ ಅಣ್ಣನಿಗೆ ನಾನೇ ಹೇಳುತ್ತೇನೆ. ಈಗಲೇ ಬರುತ್ತೇನೆ."

"ಪೇಪರು ಒಯ್ದು ತೋರಿಸಿದೆ ಅವನಿಗೆ. ಸತ್ತಿದ್ದಾನೆ ಅಂದರೆ ಸತ್ತಿದ್ದಾನೆ, ಅದಕ್ಕೂ ಮೊದಲು ಏನೂ ಇರಲಿಲ್ಲ ಅಂತ ಪೇಪರಿನಲ್ಲಿ ಬರೆದಿದೆಯಾ, ಅಂದ." ಅಕ್ಷಯಾ ನಗಲಿಲ್ಲ, ಅಳಲೂ ಇಲ್ಲ. "ನಿಮ್ಮ ಮಗಳು ನನಗೆ ಏನೇನು ಬರೆದು ಕಳಿಸುತ್ತಿದ್ದಳು, ಅದಾದರೂ ನಿಮಗೆ ಗೊತ್ತಾ?"

ಗೊತ್ತಿರಲಿಲ್ಲ.

"ಅವಳನ್ನೇ ಕೇಳಿ. ನನ್ನ ಬಾಯಲ್ಲಿ ಬರುವುದಿಲ್ಲ ಅದು."

ಹೊರಡುವಾಗ ಅಕ್ಷಯಾ ಕರೆದಳು. ಹಿಟ್ಟಿನ ಕೈ ಹಾಗೇ ಇತ್ತು. "ಸರ್ ಬಹಳ ಒದ್ದಾಡಿದರಾ?"

"ಇಲ್ಲವಂತೆ. ಬಿದ್ದ ಏಟಿಗೇ ಹೋಗಿರಬೇಕು ಎಂದರು," ಎಂದಳು ಸೌಭಾಗ್ಯ. ಹಾಗೆ ಯಾರೂ ಅವಳಿಗೆ ಹೇಳಿರಲಿಲ್ಲ.

ಮನೆಗೆ ಬಂದು ಶಿವಾನಿಯನ್ನು ಕೇಳಿದಳು. ಹುಡುಗಿ ಫೋನು ತೆರೆದು ಕೈಗೆ ಕೊಟ್ಟು, ಮೊಣಕಾಲಿನ ನಡುವೆ ತಲೆ ಹುದುಗಿಸಿದಳು. ಎರಡೂವರೆ ವರ್ಷದ ಹಿಂದಿನವು. ಒಂದರ ಕೆಳಗೊಂದು, ಹಿಂದಿಯಲ್ಲಿ. ಹದಿಮೂರು ವರ್ಷದ ಹುಡುಗಿ ಬರೆಯಬಾರದ ಮಾತುಗಳು. ಆದರೆ ಅವು ಸೌಭಾಗ್ಯಳಿಗೆ ಹೊಸವಾಗಿರಲಿಲ್ಲ. ಅವಳು ಅಡಿಗೆಯ ಕಟ್ಟೆಯ ಮುಂದೆ ನಿಂತು ಕನ್ನಡದಲ್ಲಿ ಅಂದದ್ದನ್ನೇ ಮಗಳು ಹಿಂದಿಯಲ್ಲಿ ಬರೆದಿದ್ದಳು. ಕೊನೆಯದೊಂದು ಮಾತ್ರ ಬೇರೆ. 'ಪಪ್ಪಾ ಕೋ ಬೋಲ್ ಏಕ್ ಬಾರ್ ಫೋನ್ ಕರೇ.' ಪಪ್ಪನಿಗೆ ಹೇಳು, ಒಂದು ಸಲ ಫೋನು ಮಾಡಲಿ.

"ಡಿಲೀಟ್ ಕರ್ ದೂಂ?" ಎಂದಳು ಶಿವಾನಿ, ತಲೆ ಎತ್ತದೆ.

"ಬ್ಯಾಡ," ಎಂದಳು ಸೌಭಾಗ್ಯ. "ಇರಲಿ. ಆಕೀಗೆ ಒಂದ ದಿನಾ ನೀನೂ ಮಾರಿ ತೋರಿಸಿ ಬರಬೇಕು."

ಆಗ ಶಿವಾನಿ ಅತ್ತಳು. ಅಪ್ಪ ಹೋದ ಮೇಲೆ ಅವಳು ಅತ್ತದ್ದನ್ನು ಸೌಭಾಗ್ಯ ನೋಡಿದ್ದು ಅದೇ ಮೊದಲು.

ರಿಪೋರ್ಟು ಬರುವ ಹೊತ್ತಿಗೆ ಇನ್ನೊಂದು ಮಳೆಗಾಲ ಕಳೆದು ದೀಪಾವಳಿ ಹತ್ತಿರವಾಗಿತ್ತು. ಅದು ಶಶಿಕಾಂತನೇ. ಬಿಳಿ ಬಟ್ಟೆಯ ಸಣ್ಣದೊಂದು ಗಂಟನ್ನು ಕೊಟ್ಟರು. ಕಲ್ಯಾಣದಲ್ಲಿ ಸಮಾಜದವರ ಜಾಗದಲ್ಲಿ, ಜಂಗಮರನ್ನು ಕರೆಸಿ, ವಿಭೂತಿ ಇಟ್ಟು, ಪತ್ರಿ ಹಾಕಿ ಮಣ್ಣು ಮಾಡಿದರು. ಆಳೆತ್ತರದ ಗುಂಡಿಗೆ ಅಷ್ಟು ಸಣ್ಣ ಗಂಟು ಇಳಿಸುವುದನ್ನು ನೋಡಲಾರದೆ ಜೈಭೀಮ ಅತ್ತ ತಿರುಗಿ ನಿಂತ. ಗೋಡೌನಿನಿಂದ ಇಬ್ಬರು ಬಂದಿದ್ದರು. ಚಾಳಿನಲ್ಲಿ ಗೋವಾದ ಖೋಲಿಯ ಕಥೆ ಹೇಳಿದವರೂ ಬಂದಿದ್ದರು, ಅವರೇ ಎಲ್ಲರಿಗಿಂತ ಮೊದಲು ಹಿಡಿಮಣ್ಣು ಹಾಕಿದರು. ಕಾಶವ್ವ ಬರಲಿಲ್ಲ.

ಖದಾನಿನಲ್ಲಿ ಅಂತರಗಂಗೆ ಮತ್ತೆ ಅಲ್ಲಲ್ಲಿ ಚಿಗುರಿತ್ತು. ಕೆಸರಿನಲ್ಲಿ ಬಿದ್ದ ಬೀಜ ಎಷ್ಟೋ ವರ್ಷ ಬದುಕಿರುತ್ತದೆ ಎಂದು ರಮಿತಾ ಹೇಳಿದ್ದಳು. ಸೌಭಾಗ್ಯ ಅಳಿದುಳಿದ ಗಿಡಗಳಿಂದಲೇ ಹುಳು ಆರಿಸಿ ತಂದು, ತೊಟ್ಟಿ ತಿಕ್ಕಿ ತೊಳೆದು, ಮತ್ತೆ ಶುರುಮಾಡಿದ್ದಳು. ಅಂಬರನಾಥದ ಒಂದು ಕೆರೆಗೂ ಹುಳು ಬೇಕೆಂದು ರಮಿತಾಗೆ ಕೇಳಿದ್ದರು. ಕಾಶವ್ವ ತೊಟ್ಟಿಯ ಹತ್ತಿರ ಹೋಗುತ್ತಿರಲಿಲ್ಲ, ಮತ್ತೆ ಅದಕ್ಕೆ ಏನನ್ನೂ ಸುರಿಯಲೂ ಇಲ್ಲ. ಅವಳು ಈಗ ಯಾರನ್ನೂ ಬೈಯುತ್ತಿರಲಿಲ್ಲ. ಊಟಕ್ಕೆ ಕೂತರೆ ನಾಲ್ಕು ತುತ್ತು.

ಮಣ್ಣು ಮಾಡಿ ಬಂದ ದಿನ ಸೌಭಾಗ್ಯ ತಲೆಮೇಲೆ ನೀರು ಹಾಕಿಕೊಂಡು ಹಿತ್ತಿಲಿಗೆ ಬಂದಾಗ ಮುದುಕಿ ಮೆಟ್ಟಿಲ ಮೇಲೆ ಕೂತು ನೀರು ನೋಡುತ್ತಿದ್ದಳು. ಬಿಸಿಲು ಇಳಿಯುತ್ತಿತ್ತು. ಎದುರು ದಡದ ಕಚ್ಚಾ ರಸ್ತೆಯಲ್ಲಿ ಬೈಕುಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಅಲ್ಲಿ ಇನ್ನೂ ಯಾರೂ ಒಂದು ತಡೆಗೋಡೆ ಕಟ್ಟಿರಲಿಲ್ಲ.

"ಮಣ್ಣ ಹಾಕಿದ್ರಿ?" ಕಾಶವ್ವ ಕೇಳಿದಳು.

"ಹಾಕಿದ್ವಿ."

"ಚಂದಾಗಿ ಹಾಕಿದ್ರಿಲ್ಲೋ?"

"ಹಾಕಿದ್ವಿ ಅತ್ತಿ."

ಮುದುಕಿ ಎದುರು ದಡದ ಬೈಕುಗಳನ್ನು ನೋಡಿದಳು. ಆಮೇಲೆ, ಯಾರಿಗೂ ಅಲ್ಲವೆಂಬಂತೆ, "ಆಕೀ ಕೂಡ ಓಡಿ ಹೋಗಿದ್ರ ಎಷ್ಟ ಚಲೋ ಆಗ್ತಿತ್ತು," ಎಂದಳು.

ಒದ್ದೆ ಕೂದಲು ಹಿಂಡುತ್ತಿದ್ದ ಸೌಭಾಗ್ಯಳ ಕೈ ನಿಂತಿತು. ಅದೇ ಮಾತಿಗಾಗಿ ಈ ಮುದುಕಿಯ ಜೊತೆ ಎಷ್ಟು ಜಗಳವಾಡಿದ್ದಳು, ಎಷ್ಟು ಸಲ ಉಪವಾಸ ಮಲಗಿದ್ದಳು. ಅವಳು ಅತ್ತೆಯ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತಳು.

"ಹೌದ್ರಿ ಅತ್ತಿ," ಎಂದಳು. "ಚಲೋ ಆಗ್ತಿತ್ತು."